ಅಂಗೈ ಕಂಪ್ಯೂಟರಿನ ವೇಟಿಂಗ್ ಲಿಸ್ಟ್

ಅವಳಿಗೆ ಹಲ್ಲಮ್ಮ ಎಂಬ ಹೆಸರು ಬಿದ್ದದ್ದು ಅವಳ ಹಲ್ಲಿನಿಂದಲ್ಲ, ಊರವರ ಹಲ್ಲಿನಿಂದ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕಿರುಕೋಣೆಯಲ್ಲಿ ಹದಿನೆಂಟು ವರ್ಷಗಳಿಂದ ಕೂತು ಅವಳು ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಬಾಯಿಯ ಅಚ್ಚು ಬಂದರೆ ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಅವರವರ ವಯಸ್ಸಿಗೆ ತಕ್ಕಷ್ಟು ಹಳದಿ ಬಣ್ಣವನ್ನೂ ಹಚ್ಚುವಳು. ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಆ ನಗೆಯಲ್ಲಿ ತನ್ನ ಪಾಲೆಷ್ಟು ಎಂದು ದೂರದಿಂದಲೇ ಹೇಳಬಲ್ಲವಳಾಗಿದ್ದಳು. "ಅಸಲಿ ಹಲ್ಲಿನ ಹಾಗೇ ಇರುತ್ತಾ?" ಎಂದು ಅನುಮಾನಿಸಿದವರಿಗೆ, "ಒಂದು ವಾರ ಹಾಕ್ಕೊಳ್ಳಿ, ಬದಲಿ ಅನ್ನೋದೇ ಮರ್ತು ಹೋಗುತ್ತೆ" ಎಂದು ಧೈರ್ಯ ತುಂಬುತ್ತಿದ್ದಳು. ಹೀಗೆ ಹಗಲೆಲ್ಲ ಬದಲಿಯ ಗುಣಗಾನ ಮಾಡುತ್ತಿದ್ದವಳು ತನ್ನ ಹವ್ಯಾಸದ ವಿಷಯ ಬಂದಾಗ ಮಾತ್ರ ಅಸಲಿ ಬಿಟ್ಟು ಬೇರೊಂದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅವಳ ಹವ್ಯಾಸವೆಂದರೆ ಅಂಗೈಯಗಲದ ಕಂಪ್ಯೂಟರು. ಪೆಟ್ಟಿಗೆಯಿಲ್ಲ, ಪರದೆಯಿಲ್ಲ; ಇಸ್ಪೀಟು ಎಲೆಯಷ್ಟು ದೊಡ್ಡ ಒಂದೇ ಹಸಿರು ಹಲಗೆ, ಅದರ ಮೇಲೆಯೇ ಇಡೀ ಕಂಪ್ಯೂಟರು. ಅದಕ್ಕೆ ತಂತಿ ಸಿಕ್ಕಿಸಿ ಗಿಡಕ್ಕೆ ನೀರು ಬಿಡುವವರಿದ್ದರು, ಆಕಾಶ ಅಳೆಯುವವರಿದ್ದರು. ಹಲ್ಲಮ್ಮನದು ಮನೆಯ ಬಾಗಿಲಿನ ಯೋಜನೆ.

ಕಾರಣ ಅಮ್ಮ. ಹಲ್ಲಮ್ಮನ ತಾಯಿ ಮಗಳು-ಅಳಿಯನ ಜೊತೆಯಲ್ಲೇ ಇದ್ದಳು. ಮೂವತ್ತೆರಡು ವರ್ಷ ರೈಲ್ವೆಯ ಟಿಕೆಟ್ ಕೌಂಟರಿನಲ್ಲಿ, ನೆತ್ತಿಯ ಮೇಲೇ ಕಿರುಚುವ ಧ್ವನಿವರ್ಧಕದ ಕೆಳಗೆ ಕೂತು ದುಡಿದು ನಿವೃತ್ತಳಾದವಳು. ಇಲಾಖೆ ಬೀಳ್ಕೊಡುಗೆಗೆ ಒಂದು ಗಡಿಯಾರ ಕೊಟ್ಟು, ಎರಡು ಕಿವಿ ಇಟ್ಟುಕೊಂಡಿತ್ತು. ಎದುರು ನಿಂತು ಜೋರಾಗಿ ಹೇಳಿದರೆ ಕೇಳಿಸುತ್ತಿತ್ತು, ಕರೆಗಂಟೆ ಮಾತ್ರ ಕೇಳಿಸುತ್ತಿರಲಿಲ್ಲ. ಪಾರ್ಸೆಲ್ಲಿನವರು ಬಂದು ಹೋಗುವರು, ಗ್ಯಾಸಿನವನು ಬೈದು ಹೋಗುವನು. ಒಮ್ಮೆ ಗಂಡನ ಸೋದರತ್ತೆ ಒಂದು ಗಂಟೆ ಬಾಗಿಲಲ್ಲಿ ನಿಂತು ವಾಪಸಾಗಿ, "ಗಂಟೆ ಒತ್ತಿ ಒತ್ತಿ ನನ್ನ ಬೆರಳು ಸವೀತು, ಅವರ ಮನಸ್ಸು ಕರಗಲಿಲ್ಲ" ಎಂದು ಬಂಧುಬಳಗಕ್ಕೆಲ್ಲ ಡಂಗುರ ಸಾರಿದ್ದಳು.

ಆಗ ಹಲ್ಲಮ್ಮ ತೀರ್ಮಾನಿಸಿದಳು: ಬಾಗಿಲಿಗೊಂದು ಕ್ಯಾಮೆರಾ, ಮುಖ ಗುರುತಿಸುವ ಕಂಪ್ಯೂಟರು, ಅಡುಗೆಮನೆಯಲ್ಲೊಂದು ಪರದೆ. ಬಂದವರು ಯಾರೆಂದು ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಬೇಕು.

"ಅತ್ತೆ ಬಂದಿದಾರೆ ಅಂತ ಮೊದಲೇ ಗೊತ್ತಾದ್ರೆ ಬಾಗಿಲು ತೆಗೀತಾರಾ?" ಎಂದು ಕೇಳಿದ ಗಂಡ. ಅವನು ಸಿಟಿ ಬಸ್ಸಿನ ಡ್ರೈವರು. ದಿನಕ್ಕೆ ನಾಲ್ಕೈದು ಮಾತಾಡುವವನು, ಅವನ್ನು ಹೀಗೆ ಖರ್ಚು ಮಾಡುತ್ತಿದ್ದ.

ಯೋಜನೆ ಎಲ್ಲ ಸಿದ್ಧವಾಗಿತ್ತು. ಸಿಗದೆ ಇದ್ದದ್ದು ಆ ಹಲಗೆಯೊಂದೇ. ಎಲ್ಲೋ ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಿಪ್ಪಿನ ಬರ ಬಂದಿತ್ತಂತೆ. ಬಂದಷ್ಟನ್ನು ದೊಡ್ಡ ಕಂಪನಿಗಳು ಗೋರಿಕೊಂಡು ಹೋಗುತ್ತಿದ್ದವಂತೆ. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವನು ಯಾರು ಯಾವಾಗ ಕೇಳಿದರೂ "ಮುಂದಿನ ವಾರ" ಎನ್ನುತ್ತಿದ್ದುದರಿಂದ ಅವನಿಗೆ ಮುಂದಿನವಾರ ಎಂದೇ ಹೆಸರಾಗಿತ್ತು. ಅವನ ಅಂಗಡಿಗೆ ಹಲ್ಲಮ್ಮ ಐದು ತಿಂಗಳು ಅಲೆದಳು. ಆನ್‌ಲೈನಿನಲ್ಲಿ ಯಾರೋ ನಾಲ್ಕು ಪಟ್ಟು ಬೆಲೆಗೆ ಮಾರುತ್ತಿದ್ದರು. ಅದನ್ನು ಕೇಳಿ ಅಮ್ಮ ಕೆಂಡವಾದಳು. "ದಲ್ಲಾಳಿ ಹತ್ರ ತಗೊಂಡಿದ್ದೇನೂ ಈ ಮನೆ ಹೊಸಿಲು ದಾಟಕೂಡದು. ಜೀವಮಾನವೆಲ್ಲ ನಾನು ಆ ಜಾತಿ ಜೊತೆ ಹೊಡೆದಾಡಿದೀನಿ."

ಆರನೆಯ ತಿಂಗಳು ಮುಂದಿನವಾರನಿಗೇ ಕನಿಕರ ಹುಟ್ಟಿತು. ಬೇರೊಂದು ಹಲಗೆಯನ್ನು ಗಾಜಿನ ಮೇಲಿಟ್ಟ.

"ಇದನ್ನ ತಗೊಂಡು ಹೋಗಿ. ಅದರ ಚಿಕ್ಕಪ್ಪನ ಮಗ ಅಂತ ಇಟ್ಕೊಳ್ಳಿ. ಶಕ್ತಿ ಅದಕ್ಕಿಂತ ಒಂದು ಕೈ ಜಾಸ್ತೀನೇ."

"ಅದಕ್ಕೆ ಬರೆದ ಪ್ರೋಗ್ರಾಮು ಇದರಲ್ಲಿ ನಡೆಯುತ್ತಾ?"

"ದಾಯಾದಿ ಅಂದ್ಮೇಲೆ ಮಾತುಕತೆ ಸ್ವಲ್ಪ ಕಷ್ಟ ಮೇಡಂ. ಒಳಗೊಳಗೇ ಸರಿಹೋಗುತ್ತೆ."

ಒಲ್ಲದ ಮನಸ್ಸಿನಿಂದ ತಂದಳು. ದಾಯಾದಿ ಹೆಸರಿಗೆ ತಕ್ಕಂತೆ ನಡೆದುಕೊಂಡಿತು. ಜೊತೆಗಿದ್ದ ಕೈಪಿಡಿ ಅವಳು ಕಂಡು ಕೇಳದ ಲಿಪಿಯಲ್ಲಿತ್ತು. ಕ್ಯಾಮೆರಾ ಸಿಕ್ಕಿಸಿದರೆ ಜಾಲದ ಸಂಪರ್ಕ ತಪ್ಪುವುದು, ಜಾಲ ಸಿಕ್ಕರೆ ಕ್ಯಾಮೆರಾ ಕಣ್ಣು ಮುಚ್ಚುವುದು. ಹವ್ಯಾಸಿಗಳ ಚರ್ಚಾತಾಣದಲ್ಲಿ ಹುಡುಕಿದಾಗ ಎರಡು ವರ್ಷದ ಹಿಂದೆ ಪ್ರಪಂಚದಲ್ಲಿ ಒಬ್ಬನೇ ಒಬ್ಬನಿಗೆ ಇದೇ ತೊಂದರೆಯಾಗಿದ್ದುದು ತಿಳಿಯಿತು. ಅವನ ಪ್ರಶ್ನೆಯ ಕೆಳಗೆ ಅವನದೇ ಉತ್ತರವಿತ್ತು: "ಸರಿಯಾಯಿತು, ಧನ್ಯವಾದ." ಹೇಗೆ ಸರಿಯಾಯಿತೆಂದು ಪುಣ್ಯಾತ್ಮ ಬರೆದಿರಲಿಲ್ಲ. ಮೂರು ವಾರ ಗುದ್ದಾಡಿದ ಮೇಲೆ ಕಡೆಗೂ ಕ್ಯಾಮೆರಾ ಕಣ್ಣು ತೆರೆಯಿತು. ಆದರೆ ಅದು ಗಂಡನನ್ನು ನೋಡಿ "ಗ್ಯಾಸಿನವನು" ಎಂದಿತು.

"ಇದರ ಹಣೆಬರಹವೇ ಇಷ್ಟು. ಅಸಲಿಯೇ ಬೇಕು" ಎಂದು ಹಲ್ಲಮ್ಮ ಕೈಚೆಲ್ಲಿದಳು.

ತಂದದ್ದನ್ನು ಸುಮ್ಮನೆ ಕೂರಿಸಬಾರದೆಂದು ದಾಯಾದಿಗೊಂದು ಚಾಕರಿ ಹಚ್ಚಿದಳು. ಹನ್ನೊಂದು ಅಂಗಡಿಗಳ ಜಾಲತಾಣಗಳನ್ನು ನಿಮಿಷಕ್ಕೊಮ್ಮೆ ನೋಡುತ್ತಿರುವುದು. ಎಲ್ಲಾದರೂ ಅಸಲಿ ಹಲಗೆ ಬಂದರೆ ಅಡುಗೆಮನೆಯ ಗೋಡೆಯ ನೀಲಿ ದೀಪ ಹೊತ್ತಿಸುವುದು. ಈ ಕೆಲಸವನ್ನು ದಾಯಾದಿ ಒಂದು ದಿನವೂ ತಪ್ಪದೆ, ಚಕಾರವೆತ್ತದೆ ಮಾಡಿತು. ಅದಕ್ಕಾಗಿ ಯಾರೂ ಅದನ್ನು ಹೊಗಳಲಿಲ್ಲ.

ದೀಪ ಹೊತ್ತಿದಾಗ ಅಮ್ಮ ಫೋನು ಮಾಡಿ "ನೀಲಿ!" ಎಂದು ಕೂಗಿ ಇಟ್ಟುಬಿಡುವಳು. ಹಲ್ಲಮ್ಮ ಜಿಪ್ಸಮ್ಮು ಮೆತ್ತಿದ ಕೈ ತೊಳೆದು ಫೋನು ಒರೆಸಿ ನೋಡುವಷ್ಟರಲ್ಲಿ ಎಲ್ಲ ಖಾಲಿ. ಹೀಗೆ ಐದು ಸಲ ಆಯಿತು. ಐದನೆಯ ಸಲ ಅಮ್ಮ ತಡೆಯಲಾರದೆ ಹೇಳಿದಳು: "ಎಲ್ಲಿ ಒತ್ತಬೇಕು ಅಂತ ನನಗೇ ತೋರಿಸು. ನಿನ್ನ ಕೈಯಲ್ಲಾಗೋ ಕೆಲಸ ಅಲ್ಲ ಇದು."

ತೋರಿಸಿದಳು. ಮುಂದಿನ ಸಲ ದೀಪ ಹೊತ್ತಿದಾಗ ಅಮ್ಮನಿಗೆ ಹೆಸರು, ವಿಳಾಸ, ಕಾರ್ಡಿನ ಸಂಖ್ಯೆ ಎಲ್ಲ ಬಡಿದು ಮುಗಿಸಲು ನಲವತ್ತು ಸೆಕೆಂಡು ಹಿಡಿಯಿತು. ಸರದಿಯಲ್ಲಿ ನೂರು ಜನ ಎದುರು ನಿಂತು ಹಲ್ಲು ಕಡಿಯುತ್ತಿರುವಾಗ ಟಿಕೆಟು ಹೊಡೆದ ಬೆರಳುಗಳು ಅವು.

ಕೊಂಡ ಹಲಗೆಯ ಪಾರ್ಸೆಲ್ ಇನ್ನೂ ದಾರಿಯಲ್ಲಿತ್ತು. ಹಲ್ಲಮ್ಮನಿಗೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ. ಮುಂದಿನವಾರನ ಅಂಗಡಿಯ ಮಹಡಿಯಲ್ಲಿ ಭಾನುವಾರ ಸೇರುವ ಹವ್ಯಾಸಿಗಳ ಕೂಟದಲ್ಲಿ, "ನಮ್ಮಮ್ಮ ಒಂದು ಹಿಡಿದಳು" ಎಂದು ಜಂಬ ಕೊಚ್ಚಿಕೊಂಡಳು. ಕಿಟಕಿಯ ಬಳಿ ಕಾದು ಕೂತಿದ್ದ ಅಮ್ಮನ ಕೈಗೆ ಪಾರ್ಸೆಲ್ ಬಂದ ಮಧ್ಯಾಹ್ನವೇ ಕೂಟದ ಜೇನು ಸಾಕುವವನೊಬ್ಬ ಅದೇ ಕಿಟಕಿ ಬಡಿದ. ಅಮ್ಮನೆದುರು ಕೂತು, ಕಳೆದ ಚಳಿಯಲ್ಲಿ ಹನ್ನೊಂದು ಪೆಟ್ಟಿಗೆಯ ಹುಳ ಹಸಿದು ಸತ್ತವೆಂದೂ, ಪೆಟ್ಟಿಗೆಯ ತೂಕ ಇಳಿದಾಗಲೇ ತಿಳಿದಿದ್ದರೆ ಉಳಿಸಬಹುದಿತ್ತೆಂದೂ, ಆ ತೂಕದ ಯಂತ್ರಕ್ಕೆ ಈ ಹಲಗೆ ಬೇಕೆಂದೂ ಗಂಟಲು ಹರಿಯುವಂತೆ ಕೂಗಿ ಹೇಳಿದ. ಸಂಜೆ ಹಲ್ಲಮ್ಮ ಬರುವಾಗ ಮೇಜಿನ ಮೇಲೆ ಖಾಲಿ ಪಾರ್ಸೆಲ್ ಡಬ್ಬಿ ಇತ್ತು.

"ಅಮ್ಮಾ, ಅದು ನನ್ನದಾಗಿತ್ತು!"

"ನಿನ್ನದು ಬಾಗಿಲು, ಅವನದು ಜೀವ. ತುರ್ತು ಕೋಟಾ ಅಂತ ಒಂದಿರುತ್ತೆ ಕಣೆ" ಎಂದಳು ಅಮ್ಮ. ಕೊಂಡ ಬೆಲೆಗೇ ಕೊಟ್ಟಿದ್ದಳು, ಒಂದು ಕಾಸು ಹೆಚ್ಚಿಗೆ ಮುಟ್ಟಿರಲಿಲ್ಲ.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಮ್ಮ ಒಂದು ಉದ್ದನೆಯ ಪುಸ್ತಕ ತಂದು ಗೆರೆ ಎಳೆದಳು: ಸಂಖ್ಯೆ, ಯಾರು, ಯಾತಕ್ಕೆ ಬೇಕು. ಅಡುಗೆಮನೆಯ ಮೇಜು ಕೌಂಟರಾಯಿತು. ಒಬ್ಬರಿಗೆ ಒಂದೇ ಎಂದು ಅಂಗಡಿಗಳ ನಿಯಮವಿದ್ದುದರಿಂದ ಕಾಯುವವರೆಲ್ಲ ತಮ್ಮ ಹೆಸರಿನಲ್ಲಿ ಕೊಳ್ಳುವ ಅಧಿಕಾರವನ್ನು ಅಮ್ಮನಿಗೇ ಒಪ್ಪಿಸಿದರು. ಹಳೆಯ ವಿಡಿಯೋ ಗೇಮು ಆಡುವ ಪೆಟ್ಟಿಗೆ ಮಾಡಬೇಕೆಂದು ಬಂದ ಬ್ಯಾಂಕ್ ಮ್ಯಾನೇಜರನ್ನು ಅಮ್ಮ ಕನ್ನಡಕದ ಮೇಲಿಂದ ನೋಡಿ ಹಿಂದಕ್ಕೆ ಕಳಿಸಿದಳು. ಅವನು ಮರುವಾರ ಬಂದು ತನ್ನ ಯಂತ್ರ ಗಿಡಕ್ಕೆ ನೀರು ಹಾಕುತ್ತದೆಂದ. "ಯಾವ ಗಿಡ?" ಎಂದಳು ಅಮ್ಮ. ಅವನು ತಡವರಿಸಿದ. ಇಪ್ಪತ್ತಮೂರನೆಯ ನಂಬರು ಬರೆದುಕೊಂಡು, ಗೇಮೂ ಇರಲಿ, ಸುಳ್ಳು ಬೇಡ ಎಂದು ಬುದ್ಧಿ ಹೇಳಿ ಕಳಿಸಿದಳು.

ಬರುವವರು ಹೆಚ್ಚಾದ ಹಾಗೆ ಹಳೆಯ ತೊಂದರೆಯೂ ಹೆಚ್ಚಾಯಿತು: ಗಂಟೆ ಒತ್ತುವವರೂ ಹೆಚ್ಚು, ಕೇಳದಿರುವುದೂ ಹೆಚ್ಚು. ಜೇನಿನವನು ಋಣ ತೀರಿಸಲು ಒಂದು ಬಾಟಲಿ ಜೇನು ತಂದು ಅರ್ಧ ಗಂಟೆ ಹೊರಗೆ ನಿಂತ. ಒಳಗೆ ಬಂದವನು ನೀಲಿ ದೀಪ ನೋಡಿದ, ಅದರ ತಂತಿ ಹಿಡಿದು ಹೋಗಿ ದಾಯಾದಿಯನ್ನು ನೋಡಿದ, ಹೊರಗೆ ಹೋಗಿ ಕರೆಗಂಟೆಯ ಗುಂಡಿ ನೋಡಿದ. ಎರಡು ತಂತಿ ಎಳೆದು, ಒಂದು ಕೆಂಪು ದೀಪ ಸಿಕ್ಕಿಸಿ, ಅಮ್ಮ ಕಾಫಿ ಸೋಸುವಷ್ಟರಲ್ಲಿ ಮುಗಿಸಿದ. ಗುಂಡಿ ಒತ್ತಿದರೆ ಕೆಂಪು, ಹಲಗೆ ಬಂದರೆ ನೀಲಿ.

"ನೀನು ಒಂದು ವರ್ಷದಿಂದ ಹೇಳ್ತಿದ್ದ ಯಂತ್ರ ಇವನು ಮಾಡೇಬಿಟ್ಟ ನೋಡು!" ಎಂದು ಸಂಜೆ ಅಮ್ಮ ಸಂಭ್ರಮದಿಂದ ಗುಂಡಿ ಒತ್ತಿ ಒತ್ತಿ ತೋರಿಸಿದಳು.

ಹಲ್ಲಮ್ಮನ ಮುಖ ಹುಳಿ ತಿಂದ ಹಾಗಾಯಿತು. "ಅದು ಯಾರು ಬಂದಿದಾರೆ ಅಂತ ಹೇಳಲ್ಲ" ಎಂದಳು.

"ಬಾಗಿಲು ತೆಗೆದ್ರೆ ಗೊತ್ತಾಗುತ್ತಲ್ಲ."

ಗಂಡ ಕೆಮ್ಮಿದ. ಅಮ್ಮ ಪುಸ್ತಕ ತೆರೆದಳು. "ನಿನ್ನ ಕೆಲಸ ಆಯ್ತು. ಹೆಸರು ಹೊಡೆದು ಹಾಕ್ಲಾ?"

"ಬೇಡ!"

"ಹಾಗಾದ್ರೆ ಯಾತಕ್ಕೆ ಬೇಕು?"

"ಬೇಕು, ಅಷ್ಟೆ" ಎಂದಳು ಹಲ್ಲಮ್ಮ. ಅಮ್ಮ ಮೂರನೆಯ ಅಂಕಣದಲ್ಲಿ ದುಂಡಗಿನ ಅಕ್ಷರದಲ್ಲಿ 'ಬೇಕು, ಅಷ್ಟೆ' ಎಂದು ಬರೆದು, ಪಕ್ಕದಲ್ಲಿ ಹಳೆಯ ಸಂಖ್ಯೆ ಹೊಡೆದು ಇಪ್ಪತ್ತೇಳು ಎಂದು ನಮೂದಿಸಿದಳು. ಸಿಬ್ಬಂದಿಯ ಮನೆಯವರಿಗೆ ಕೊನೆಗೆ ಎನ್ನುವುದು ಕೌಂಟರಿನ ಹಳೆಯ ಶಿಸ್ತು.

ಬ್ಯಾಂಕ್ ಮ್ಯಾನೇಜರಿಗಿಂತ ಹಿಂದೆ! ಇದು ಅವಳಿಗೆ ಅರಗಲಿಲ್ಲ. ಎರಡು ತಿಂಗಳು ಪರರ ಹಲಗೆಗಳು ತನ್ನ ಮನೆಗೇ ಬಂದು, ತನ್ನ ಕಣ್ಣೆದುರೇ ಹೋಗುವುದನ್ನು ನೋಡಿದಳು. ಮದುವೆ ಮನೆಯಲ್ಲಿ ಬಡಿಸುವವಳೇ ಉಪವಾಸವಿದ್ದ ಹಾಗೆ. ಕೊನೆಗೊಂದು ಭಾನುವಾರ ಅಮ್ಮ ಸ್ನಾನಕ್ಕೆ ಹೋದಾಗ ಕಪಾಟಿನ ತಗಡಿನ ಡಬ್ಬಿ ತೆಗೆದಳು. ಒಳಗೆ ಒಂದೇ ಹಲಗೆ, ಅದರ ಮೇಲೆ ಚೀಟಿ: 'ಕರಡು ತಿದ್ದುವವರು. ಓದುವ ಯಂತ್ರ.'

ಅವರು ಯಾರೆಂದು ಅವಳಿಗೆ ಗೊತ್ತಿತ್ತು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಪುಸ್ತಕಗಳ ಕರಡು ತಿದ್ದಿ, ಈಗ ದೃಷ್ಟಿ ದಿನೇ ದಿನೇ ಮಸುಕಾಗುತ್ತಿದ್ದ ಮುದುಕರು. ಪುಟ ತೋರಿಸಿದರೆ ಗಟ್ಟಿಯಾಗಿ ಓದುವ ಯಂತ್ರ ಮಾಡಿಕೊಳ್ಳಬೇಕೆಂದಿದ್ದರು. ನಾಳೆ ಬರುವವರಿದ್ದರು. 'ಒಂದು ದಿನದ ಮಟ್ಟಿಗೆ, ಬರೀ ನೋಡಿ ಇಟ್ಟುಬಿಡ್ತೀನಿ' ಎಂದುಕೊಂಡಳು ಹಲ್ಲಮ್ಮ. ಕಳ್ಳರೆಲ್ಲ ಮೊದಲು ಹೇಳಿಕೊಳ್ಳುವ ಮಾತು.

ರಜೆಯ ದಿನದ ಕ್ಲಿನಿಕ್ಕು ನಿಶ್ಶಬ್ದವಾಗಿತ್ತು. ಕಪಾಟಿನ ಮೇಲಿನ ಜಿಪ್ಸಮ್ಮಿನ ದವಡೆಗಳ ಸಾಲಿನ ಎದುರು ಕೂತು ಚೀಲದಿಂದ ಹಲಗೆ ತೆಗೆದಳು. ಕ್ಯಾಮೆರಾ ಮೊದಲ ಸಲಕ್ಕೇ ಕಣ್ಣು ಬಿಟ್ಟಿತು, ಜಾಲವೂ ಸಿಕ್ಕಿತು. ಹದಿನಾಲ್ಕು ತಿಂಗಳು ಕಾದ ಹಲಗೆ. ಪ್ರೋಗ್ರಾಮು ಹಾಕಿ, ಗಂಡನ ಫೋಟೋ ಹಿಡಿದಳು.

"ಗ್ಯಾಸಿನವನು" ಎಂದಿತು ಅಸಲಿ.

ತನ್ನ ಮುಖ ಒಡ್ಡಿದಳು. "ಸೋದರತ್ತೆ" ಎಂದಿತು.

ಹಲ್ಲಮ್ಮ ತಂತಿಗಳನ್ನು ಒಂದೊಂದಾಗಿ ಕಳಚಿದಳು. ತಪ್ಪು ದಾಯಾದಿಯದಾಗಿರಲಿಲ್ಲ. ತಾನು ಬರೆದದ್ದರಲ್ಲೇ ಇತ್ತು. ಎಂಟು ತಿಂಗಳು ಆ ಬಡಪಾಯಿಯನ್ನು ಬೈದದ್ದೇ ಬಂತು.

ಮನೆಗೆ ಬಂದರೆ ಕರಡು ತಿದ್ದುವವರು ಸೋಫಾದ ಅಂಚಿನಲ್ಲಿ ಕೂತಿದ್ದರು. ಸೋಮವಾರ ಬಸ್ಸು ಗಿಜಿಗುಡುತ್ತದೆಂದು ಭಾನುವಾರವೇ ಬಂದಿದ್ದರು. ಅಮ್ಮನ ಮಡಿಲಲ್ಲಿ ಖಾಲಿ ಡಬ್ಬಿ ಇತ್ತು. ಮೂವತ್ತೆರಡು ವರ್ಷದಲ್ಲಿ ಅಂಥ ಮುಖ ಹೊತ್ತು ಅವಳು ಯಾರೆದುರೂ ಕೂತಿರಲಾರಳು.

"ಕನ್ಫರ್ಮ್ ಆಗಿದ್ದ ಸೀಟು ಇಲ್ಲ ಅಂತ ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ ಸ್ವಾಮಿ" ಎನ್ನುತ್ತಿದ್ದಳು.

ಹಲ್ಲಮ್ಮ ಚೀಲದಿಂದ ಹಲಗೆ ತೆಗೆದು ಮೇಜಿನ ಮೇಲಿಟ್ಟಳು. "ನಾನೇ ತಗೊಂಡು ಹೋಗಿದ್ದೆ. ಸರಿಯಾಗಿ ಕೆಲಸ ಮಾಡುತ್ತಾ ಅಂತ... ಪರೀಕ್ಷೆ ಮಾಡೋಕೆ."

ಮುದುಕರ ಕಣ್ಣು ತುಂಬಿ ಬಂತು. "ರಜಾ ದಿನ, ನನಗೋಸ್ಕರ! ಈ ಕಾಲದಲ್ಲಿ ಯಾರಮ್ಮ ಇಷ್ಟು ಮಾಡ್ತಾರೆ!" ಎಂದು ಅವಳ ಎರಡೂ ಕೈ ಹಿಡಿದುಕೊಂಡರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವರನ್ನು ಬಾಗಿಲ ತನಕ ಕಳಿಸಿ ಬಂದ ಅಮ್ಮ ಕೇಳಿದಳು: "ಪರೀಕ್ಷೆ ಮಾಡಿದ್ಯಾ?"

"ಇಲ್ಲಮ್ಮ. ಕದ್ದೆ."

"ಗೊತ್ತು." ಅಮ್ಮ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಆ ಕಪಾಟಿಗೆ ಬೀಗ ಬಿದ್ದದ್ದು ಅದೇ ಮೊದಲು. "ಅವರಿಗೆ ಕಣ್ಣು ಕಾಣಲ್ಲ, ತಂತಿ ಜೋಡಿಸೋಕೆ ಆಗಲ್ಲ. ಮುಂದಿನ ಭಾನುವಾರದಿಂದ ಹೋಗಿ ಮಾಡಿಕೊಟ್ಟು ಬಾ."

ಆರು ಭಾನುವಾರ ಹೋದಳು. ಮೊದಲನೆಯದು ದಂಡ ಕಟ್ಟುವ ಮುಖದಲ್ಲಿ, ಎರಡನೆಯದು ಕುತೂಹಲದಲ್ಲಿ, ಆಮೇಲೆ ಶನಿವಾರವೇ ಚೀಲ ಸಿದ್ಧ ಮಾಡಿಟ್ಟುಕೊಂಡು. ನೆಲದಿಂದ ತಾರಸಿಯವರೆಗೆ ಪುಸ್ತಕಗಳಿದ್ದ ಒಂದೇ ಕೋಣೆಯ ಮನೆ ಅದು. ಯಂತ್ರ ಓದತೊಡಗಿದಾಗ ಮುದುಕರು ಅದರ ಉಚ್ಚಾರ ತಿದ್ದತೊಡಗಿದರು. "ಅಲ್ಲಪ್ಪಾ, ಅಲ್ಲಿ ಉಸಿರು ತಗೋಬೇಕು" ಎಂದು ಹಲಗೆಗೆ ಪಾಠ ಹೇಳುವರು.

ಒಂದು ದಿನ ಅವಳು ತನ್ನ ಬಾಗಿಲಿನ ಪ್ರೋಗ್ರಾಮಿನ ಕಥೆ ಹೇಳಿಕೊಂಡಳು. ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ತರಲು ಹೇಳಿದರು. ಆ ಭಾಷೆ ಅವರಿಗೆ ಒಂದಕ್ಷರ ಬಾರದು. ಭೂತಗನ್ನಡಿ ಹಿಡಿದು ಸಾಲಿನಿಂದ ಸಾಲಿಗೆ ಒಂದು ಗಂಟೆ ತೆವಳಿದರು.

"ಇಲ್ಲಿ ಫೋಟೋಗಳ ಪಟ್ಟಿ ಇದೆ, ಇಲ್ಲಿ ಹೆಸರುಗಳ ಪಟ್ಟಿ ಇದೆ. ಫೋಟೋದ್ದು ಒಂದರಿಂದ ಎಣಿಸುತ್ತೆ, ಹೆಸರಿನದು ಸೊನ್ನೆಯಿಂದ. ಎಲ್ಲರ ಹೆಸರೂ ಒಂದೊಂದು ಮನೆ ಪಕ್ಕಕ್ಕೆ ಸರಿದಿದೆ ನೋಡಮ್ಮ."

ನೋಡಿದಳು. ಗಂಡನ ನಂತರದ ಹೆಸರು ಗ್ಯಾಸಿನವನು. ಅವಳ ನಂತರದ ಹೆಸರು ಸೋದರತ್ತೆ. ಕಣ್ಣಿದ್ದವಳಿಗೆ ಒಂದೂಕಾಲು ವರ್ಷ ಕಾಣದ್ದು ಕಣ್ಣಿಲ್ಲದವರಿಗೆ ಒಂದು ಗಂಟೆಯಲ್ಲಿ ಕಂಡಿತ್ತು. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು, ನಗುವೇ ಗೆದ್ದಿತು. ಮುದುಕರೂ ಬಾಯ್ತುಂಬ ನಕ್ಕರು. ಮೇಲಿನ ಹಲ್ಲಿನ ಸಾಲು ತನ್ನದೇ ಕೆಲಸವೆಂದು ಹಲ್ಲಮ್ಮನಿಗೆ ಆಗ ಗುರುತು ಹತ್ತಿತು.

ಇಷ್ಟರಲ್ಲಿ ಪಟ್ಟಿ ಕರಗುತ್ತ ಬಂದಿತ್ತು. ಮ್ಯಾನೇಜರಿಗೆ ಗೇಮು ಸಿಕ್ಕಿತು. ಒಂದು ಗುರುವಾರ ಅಮ್ಮ ಮಗಳನ್ನು ಕರೆದು, ಎದುರು ಕೂರಿಸಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟಳು. "ಇಪ್ಪತ್ತೇಳು. ಕನ್ಫರ್ಮ್."

ಹಲ್ಲಮ್ಮ ಅಷ್ಟೇ ಗಂಭೀರವಾಗಿ ತೆಗೆದುಕೊಂಡಳು. ಆ ಬೆಳಗ್ಗೆಯೇ ಅವಳು ಮುಂದಿನವಾರನ ಅಂಗಡಿಯ ಮುಂದೆ ಹಾದು ಬಂದಿದ್ದಳು. ಕಾರ್ಖಾನೆಗಳಿಗೆ ಚಿಪ್ಪು ಸಿಕ್ಕು, ಅಸಲಿ ಹಲಗೆಗಳು ಗಾಜಿನ ಹಿಂದೆ ಇಟ್ಟಿಗೆಯ ಹಾಗೆ ಪೇರಿಕೊಂಡಿದ್ದವು. ಎರಡು ಕೊಂಡರೆ ಒಂದು ತಂತಿ ಉಚಿತ. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹೇಳಿದ್ದು ದೀಪ. ಶುಕ್ರವಾರ ಹೊತ್ತಿದ ನೀಲಿ ಆರಲೇ ಇಲ್ಲ. ಅಮ್ಮ ಮೊದಲು ಅದು ಕೆಟ್ಟಿದೆಯೆಂದುಕೊಂಡು ಬಟ್ಟೆಯಿಂದ ಒರೆಸಿದಳು. ಶನಿವಾರವೂ ಉರಿಯಿತು, ಭಾನುವಾರವೂ ಉರಿಯಿತು. ಸೋಮವಾರ ಅವಳೇ ಹನ್ನೊಂದು ಅಂಗಡಿಗಳನ್ನೂ ತೆರೆದು ನೋಡಿ, ಒಂದೊಂದಾಗಿ ಮುಚ್ಚಿದಳು. ಕೆಂಪು ದೀಪ ಮಾತ್ರ ದಿನಗಟ್ಟಲೆ ಹೊತ್ತಲಿಲ್ಲ. ಜೇನಿನವನು ಒಮ್ಮೆ ಬಂದು ಹೋದದ್ದಷ್ಟೆ. ಪುಸ್ತಕದ ಉಳಿದ ಹಾಳೆಗಳಲ್ಲಿ ಅಮ್ಮ ಸುಮ್ಮನೆ ಗೆರೆ ಎಳೆಯುತ್ತ ಕೂರುವುದನ್ನು ನೋಡಿ ಹಲ್ಲಮ್ಮ ಪಕ್ಕಕ್ಕೆ ಬಂದು ಕೂತಳು.

"ಬರ ಹೋಗಿದ್ದು ಒಳ್ಳೇದೇ ಅಲ್ವಾ ಅಮ್ಮ?"

"ಒಳ್ಳೇದೇ" ಎಂದಳು ಅಮ್ಮ, ಯಾರೋ ದೂರದ ನೆಂಟರು ತೀರಿಹೋದದ್ದಕ್ಕೆ ಹೇಳುವ ಧ್ವನಿಯಲ್ಲಿ.

ಮರುದಿನ ಹಲ್ಲಮ್ಮ ಅರ್ಧ ದಿನ ರಜೆ ಹಾಕಿ ಅಮ್ಮನನ್ನು ಮುಂದಿನವಾರನ ಅಂಗಡಿಗೆ ಕರೆದುಕೊಂಡು ಹೋದಳು. ರಾಶಿ ಬಿದ್ದ ಹಲಗೆಗಳ ಕಡೆಗೆ ಅಮ್ಮ ಒಮ್ಮೆ ನೋಡಿ ಮುಖ ತಿರುಗಿಸಿದಳು. ಮುಂದಿನವಾರ ಸಂಭ್ರಮದಿಂದ ಎದ್ದು ಬಂದ.

"ಎಷ್ಟು ಬೇಕಮ್ಮಾ? ಹತ್ತು ಕೊಡ್ಲಾ?"

"ಇದು ಬೇಡ" ಎಂದಳು ಅಮ್ಮ. "ಈಗ ಯಾವುದು ಸಿಗ್ತಾ ಇಲ್ಲ, ಅದನ್ನ ಹೇಳಿ."

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಹಾಗೆ ಕೇಳಿದ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಮೊಳದುದ್ದದ ಹಾಳೆಯೊಂದನ್ನು ಎಳೆದು ಗಾಜಿನ ಮೇಲೆ ಹರಡಿದ. ಅಮ್ಮ ಸ್ಟೂಲು ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಮೆಮೊರಿ ಕಾರ್ಡು" ಎಂದು ಓದಿದಳು. "ಇದಕ್ಕೆ ಎಷ್ಟು ಜನ ಕಾಯ್ತಿದಾರೆ?"